ಅರ್ಧಕ್ಕರ್ಧ

ಅಮ್ಮನ ಬೆರಳುಗಳಿಗೆ ಜಪಮಾಲೆಯನ್ನು ಎರಡನೆಯ ಸುತ್ತು ಸುತ್ತುವಷ್ಟರಲ್ಲಿ ಝೀಟಾಳ ಕೈ ನಡುಗಿತು. ಮಣಿಗಳು ಜಾರಿ ಶವಪೆಟ್ಟಿಗೆಯ ಬಿಳಿ ಬಟ್ಟೆಯ ಮೇಲೆ ಬಿದ್ದವು. ಅವಳು ತಟ್ಟನೆ ಕೈ ಹಿಂದಕ್ಕೆಳೆದು ಸೆರಗಿನೊಳಗೆ ಮುಚ್ಚಿಕೊಂಡಳು. ಯಾರಾದರೂ ನೋಡಿದರೇನೋ ಎಂದು ಸುತ್ತ ಕಣ್ಣಾಡಿಸಿದಳು.

ನೋಡಿದ್ದು ಪಕ್ಕದ ಮನೆಯ ಕುಶಲಾ ಒಬ್ಬಳೇ.

"ನಿನ್ನೆಯಿಂದ ಒಂದು ಲೋಟ ಚಹಾ ಸಹ ಕುಡಿಯಲಿಲ್ಲ ನೀನು. ಕೈ ನಡುಗದೆ ಮತ್ತೆಂತ ಆಗ್ತದೆ? ಕೊಡು ಇಲ್ಲಿ," ಎಂದು ಕುಶಲಾ ಜಪಮಾಲೆ ತೆಗೆದುಕೊಂಡು ತಾನೇ ಸುತ್ತಿದಳು. ಮಡಚಿಟ್ಟ ಆ ಕೈಗಳನ್ನು ಒಂದು ಕ್ಷಣ ನೋಡಿದಳು. "ಬಾಯಮ್ಮನ ಕೈ ಇಷ್ಟು ಸುಮ್ಮನೆ ಇದ್ದದ್ದು ನಾನು ನೋಡದೆ ಎಷ್ಟು ವರ್ಷ ಆಯ್ತು ಮಾರಾಯ್ತಿ," ಎಂದು ಕಣ್ಣೊರೆಸಿಕೊಂಡಳು.

ಝೀಟಾ ಹಿತ್ತಲಿಗೆ ಹೋಗಿ ಬಾವಿಕಟ್ಟೆಯ ಮರೆಯಲ್ಲಿ ನಿಂತು ಎರಡೂ ಕೈಗಳನ್ನು ಮುಂದಕ್ಕೆ ಚಾಚಿದಳು. ಬೆರಳುಗಳನ್ನು ಅಗಲಿಸಿ ನೋಡಿದಳು. ಈಗ ನಡುಕ ಇರಲಿಲ್ಲ. ಆದರೂ ಮಗುಚಿ ಇನ್ನೊಮ್ಮೆ ನೋಡಿದಳು. ಎಂಟು ವರ್ಷಗಳಿಂದ ಪ್ರತಿ ಬೆಳಿಗ್ಗೆ ಹಾಸಿಗೆಯಿಂದ ಏಳುವ ಮೊದಲು ಅವಳು ಮಾಡುತ್ತಿದ್ದದ್ದು ಇದನ್ನೇ. ಕಾಪುವಿನ ಶಾಲೆಯಲ್ಲಿ ಪಾಠ ಮಾಡುವಾಗ ಸೀಮೆಸುಣ್ಣ ಕೈಜಾರಿ ಬಿದ್ದರೆ ಅವಳಿಗೆ ಆ ದಿನವಿಡೀ ಬೇರೇನೂ ತಲೆಗೆ ಹೋಗುತ್ತಿರಲಿಲ್ಲ. ಅವಳಿಗೀಗ ಮೂವತ್ತಮೂರು ವರ್ಷ. ಅಮ್ಮನಿಗೆ ಕಾಯಿಲೆ ಶುರುವಾದದ್ದು ನಲವತ್ತೆಂಟಕ್ಕೆ.

ಅಮ್ಮ ಆನ್ಸಿಲ್ಲಾ, ನೆರೆಯವರ ಬಾಯಮ್ಮ, ಹಿಂದಿನ ದಿನ ಮಧ್ಯಾಹ್ನ ಊಟ ಮುಗಿಸಿ ಜಗಲಿಯ ಕುರ್ಚಿಯಲ್ಲಿ ಕುಳಿತವರು ಮತ್ತೆ ಏಳಲಿಲ್ಲ. ಶಂಕರಪುರದ ಆ ಮನೆಯ ಅಂಗಳಕ್ಕೆ ಬೆಳಗಾಗುವುದರೊಳಗೆ ಚಪ್ಪರ ಬಂತು, ಬಾಡಿಗೆಯ ಕುರ್ಚಿಗಳು ಬಂದವು. ಸಂಜೆ ನಾಲ್ಕಕ್ಕೆ ಇಗರ್ಜಿಯಲ್ಲಿ ಪೂಜೆ, ಆಮೇಲೆ ಮಣ್ಣು.

"ಅಕ್ಕಾ," ತಮ್ಮ ಡ್ಯಾರಿಲ್ ಹಿತ್ತಲ ಬಾಗಿಲಿಗೆ ಬಂದು ಕರೆದ. ಅವನ ಮುಖ ಬಿಳಿಚಿತ್ತು. "ಉಡುಪಿಯ ಉಪಾಧ್ಯ ಡಾಕ್ಟ್ರು ಬಂದಿದ್ದಾರೆ. ಸೋಫಿಯಾಳ ಎದುರು ಅವರು ಎಂತಾದರೂ ಮಾತಾಡಿದರೆ?"

"ಅವಳೆಲ್ಲಿ?"

"ಹಿಂದಿನ ಕೋಣೆಯಲ್ಲಿ ಮಲಗಿಸಿದ್ದೇನೆ. ಬಸುರಿ ಹೆಣ ನೋಡಬಾರದು ಅಂತ ಕುಶಲಕ್ಕ ಹೇಳಿದರು. ನನಗೂ ಅದೇ ಒಳ್ಳೆಯದೆನಿಸಿತು."

"ಹಾಗಾದರೆ ಅಲ್ಲಿಯೇ ಇರಲಿ," ಎಂದಳು ಝೀಟಾ. ಡ್ಯಾರಿಲ್‌ನ ಹೆಂಡತಿ ಸೋಫಿಯಾ ಪಡುಬಿದ್ರಿಯ ಹುಡುಗಿ. ಮದುವೆಯ ಮಾತಾಡುವಾಗ ಅವಳ ಮನೆಯವರಿಗೆ ಅತ್ತೆಗೆ ನರದ ದೌರ್ಬಲ್ಯ ಎಂದಷ್ಟೇ ಹೇಳಿದ್ದರು.

ಅಂಗಳದಲ್ಲಿ ಅಪ್ಪ ಆಲ್ಫೋನ್ಸ್ ಡಾಕ್ಟರಿಗೆ ಕುರ್ಚಿ ಒರೆಸಿ ಕೊಡುತ್ತ, ಸೊಸೆ ಬಸುರಿಯೆಂದು ಹೇಳುತ್ತಿದ್ದರು. ಉಡುಪಿ–ಕಾರ್ಕಳ ದಾರಿಯಲ್ಲಿ ಆಯುಷ್ಯವೆಲ್ಲ ಬಸ್ಸು ಓಡಿಸಿದ ಮನುಷ್ಯ ಅವರು. ಡಾಕ್ಟರನ್ನು ಕಂಡರೆ ಇವತ್ತಿಗೂ ಎದ್ದು ನಿಲ್ಲುತ್ತಿದ್ದರು. ಡಾ. ವಾದಿರಾಜ ಉಪಾಧ್ಯರಿಗೆ ಎಪ್ಪತ್ತು ಹತ್ತಿರವಾಗಿತ್ತು. ಅವರು ಒಳಗೆ ಹೋಗಿ ಪೆಟ್ಟಿಗೆಯ ಬಳಿ ಕೈಮುಗಿದು, ಆನ್ಸಿಲ್ಲಾರ ಮುಖವನ್ನು ಬಹಳ ಹೊತ್ತು ನೋಡಿ ಹೊರಬಂದರು.

"ಕೊನೆಗೆ ನೋವು ಇತ್ತಾ?"

"ಇಲ್ಲ ಡಾಕ್ಟ್ರೇ. ಕಾಫಿ ಬೇಕಾ ಅಂತ ಕೇಳಲಿಕ್ಕೆ ಹೋದೆ. ಅಷ್ಟೆ."

ಅಷ್ಟರಲ್ಲಿ ಗೇಟಿನ ಹತ್ತಿರ ಒಂದು ಆಟೋ ನಿಂತಿತು. ಅದರಿಂದ ಇಳಿದ ಹತ್ತಿಸೀರೆಯ ಹೆಂಗಸನ್ನು ಕಂಡು ಝೀಟಾ ಕೈಗಳನ್ನು ಮತ್ತೆ ಸೆರಗಿನೊಳಗೆ ಎಳೆದುಕೊಂಡಳು. ಕಾರ್ಕಳದ ಡಾ. ಅನ್ನಪೂರ್ಣ. ನಾಲ್ಕು ವರ್ಷಗಳ ಹಿಂದೆ ಈ ಮನೆಯಿಂದ ಹೊರಟುಹೋದವರು ಮತ್ತೆ ಈ ಕಡೆ ಬಂದಿರಲಿಲ್ಲ.

*

ಆನ್ಸಿಲ್ಲಾರದು ಕಾಯಿಲೆಗೆ ಮೊದಲು ಊರಿಗೇ ಗೊತ್ತಿದ್ದ ಕೈ. ಶಂಕರಪುರದಲ್ಲಿ ಮಲ್ಲಿಗೆ ಕಟ್ಟದ ಹೆಂಗಸರಿಲ್ಲ. ಆದರೆ ಬೆಳಗಿನ ಹೂವಿನ ವ್ಯಾನು ಬರುವ ಹೊತ್ತಿಗೆ ಯಾರ ಮೊಗ್ಗು ಉಳಿದಿದ್ದರೂ ಅದು ಬುಟ್ಟಿ ಸಮೇತ ಅವರ ಜಗಲಿಗೆ ಬರುತ್ತಿತ್ತು. ಅವರು ಬಾಳೆನಾರಿನ ತುದಿಯನ್ನು ಕಾಲ ಹೆಬ್ಬೆರಳಿಗೆ ಸಿಕ್ಕಿಸಿಕೊಂಡು, ನೆರೆಯವರೊಡನೆ ಮಾತಾಡುತ್ತ, ಮೊಗ್ಗುಗಳ ಕಡೆ ನೋಡದೆ ಕಟ್ಟುತ್ತಿದ್ದರು. ಜಗಳವಾಡಿದರೂ ಕೈ ನಿಲ್ಲುತ್ತಿರಲಿಲ್ಲ. ಆಲ್ಫೋನ್ಸ್ ರಾತ್ರಿ ಬಸ್ಸು ಡಿಪೋಗೆ ಬಿಟ್ಟು ಬರುವಾಗ ಹೆಂಡತಿಯ ಮೈಯಿಂದ ಹೂವಿನ ವಾಸನೆ ಬರುತ್ತದೆಂದು ನಗುತ್ತಿದ್ದರು. ನಿಮ್ಮ ಮೈಯಿಂದ ಡೀಸೆಲ್ ಬರುತ್ತದೆ ಎಂದು ಅವರು ತಿರುಗಿ ಹೇಳುತ್ತಿದ್ದರು.

೧೯೯೮ರ ಮಳೆಗಾಲ ಕಳೆದ ಮೇಲೆ ನಾರು ತುಂಡಾಗತೊಡಗಿತು. ಬೆರಳು ತಾನಾಗಿ ಎಳೆದುಬಿಡುತ್ತಿತ್ತು. ಆಮೇಲೆ ಭುಜ ಕುಣಿಯಿತು, ನಾಲಗೆ ಹೊರಳಿತು, ನಡೆಯುವಾಗ ಕಾಲು ಎಲ್ಲೆಲ್ಲಿಗೋ ಹೋಯಿತು. ಇಗರ್ಜಿಯಲ್ಲಿ ಪರಮಪ್ರಸಾದಕ್ಕೆ ಸಾಲಿನಲ್ಲಿ ನಿಂತಾಗ ಹಿಂದಿನವರು ಪಿಸುಗುಟ್ಟಿದರು. ಆನ್ಸಿಲ್ಲಾ ಕುಡಿಯಲು ಶುರುಮಾಡಿದ್ದಾಳೆ, ಅಪ್ಪನ ಚಾಳಿ ಎಂದರು. ಮುಂದಿನ ಭಾನುವಾರದಿಂದ ಅವರು ಕೊನೆಯ ಬೆಂಚಿನಲ್ಲಿ ಕುಳಿತರು.

ಉಡುಪಿಯ ಖಾಸಗಿ ಆಸ್ಪತ್ರೆಯೊಂದರಲ್ಲಿ ಆಗ ಉಪಾಧ್ಯರೇ ದೊಡ್ಡ ಡಾಕ್ಟರು. ಅನ್ನಪೂರ್ಣ ಅವರ ಕೈಕೆಳಗಿನ ಕಿರಿಯ ಡಾಕ್ಟರು. ಕಟ್ಟಡದ ಕೆಲಸಕ್ಕೆಂದು ಹಾವೇರಿಯಿಂದ ಮಣಿಪಾಲಕ್ಕೆ ಬಂದು ನೆಲೆಸಿದ ಮೇಸ್ತ್ರಿಯ ಮಗಳು. ರಕ್ತ ತೆಗೆದು ಪರೀಕ್ಷೆಗೆ ಕಳಿಸುವ ಕೆಲಸ ಅವರದಾಗಿತ್ತು. ಅಮ್ಮನ ಕೆಂಪಗಿದ್ದ ಮುಖ ನೋಡಿ, "ಬಿಸಿನೀರು ಹೊಯ್ಕೊಂಡ ಮೇಲೆ ಮೈ ತುರಿಸ್ತದೇನ್ರಿ?" ಎಂದು ಅವರು ಕೇಳಿದ್ದು ಝೀಟಾಳಿಗೆ ನೆನಪಿತ್ತು. ತುರಿಸುತ್ತದೆ ಎಂದಿದ್ದರು ಅಮ್ಮ.

ಉಪಾಧ್ಯರು ಕೇಳಿದ್ದು ಬೇರೆ. "ಇವರ ತಂದೆಗೆ ಹೀಗೆ ಇತ್ತಾ? ಹೇಗಿದ್ದರು ಅವರು?"

"ಅವರೂ ಹೀಗೆಯೇ ಡಾಕ್ಟ್ರೇ," ಎಂದಿದ್ದರು ಆಲ್ಫೋನ್ಸ್. "ಕೈಕಾಲು ಕುಣಿಸಿಕೊಂಡು ನಡೆಯುತ್ತಿದ್ದರು. ಹಾಗೆಯೇ ಒಂದು ದಿನ ಬಾವಿಗೆ ಬಿದ್ದರು."

ಡಾಕ್ಟರು ಅದನ್ನು ಬರೆದುಕೊಂಡರು. ಮರುದಿನ ಆಲ್ಫೋನ್ಸರನ್ನೂ ಝೀಟಾಳನ್ನೂ ಕೋಣೆಗೆ ಕರೆದು ಹಂಟಿಂಗ್ಟನ್ಸ್ ಎಂಬ ಹೆಸರು ಹೇಳಿದರು. ಮಿದುಳಿನ ಕಾಯಿಲೆ. ರಕ್ತಸಂಬಂಧದಲ್ಲಿ ಬರುವುದು. ಗುಣಪಡಿಸುವ ಮದ್ದಿಲ್ಲ. "ಮಕ್ಕಳಲ್ಲಿ ಪ್ರತಿಯೊಬ್ಬರಿಗೂ ಬರುವ ಸಾಧ್ಯತೆ ಅರ್ಧಕ್ಕರ್ಧ," ಎಂದು ಮೆಲ್ಲಗೆ ಹೇಳಿ ಝೀಟಾಳ ಮುಖದಿಂದ ದೃಷ್ಟಿ ತೆಗೆದರು.

ವಾರ್ಡಿನಲ್ಲಿ ಅಮ್ಮ ಕೇಳಿದಾಗ ಝೀಟಾ ಎಲ್ಲವನ್ನೂ ಕೊಂಕಣಿಯಲ್ಲಿ ಹೇಳಿದಳು. ಆ ಕೊನೆಯ ಮಾತನ್ನು ಮಾತ್ರ ಹೇಳಲಿಲ್ಲ.

ಆ ವರ್ಷದ ಕ್ರಿಸ್ಮಸ್ ಕಳೆದ ಮೇಲೆ ಪ್ಯಾಟ್ರಿಕ್‌ನ ಮನೆಯವರು ಕಾರ್ಕಳದಿಂದ ಝೀಟಾಳ ಮದುವೆಯ ಮಾತುಕತೆಗೆ ಬರುವವರಿದ್ದರು. ಅವನೂ ಮಾಸ್ತರ, ತರಬೇತಿಯಲ್ಲಿ ಜೊತೆಗಿದ್ದವನು. ಬರುವುದು ಬೇಡ ಎಂದು ಝೀಟಾ ಫೋನಿನಲ್ಲಿ ಹೇಳಿದಳು. ಯಾಕೆ ಎಂದು ಅವನು ಕೇಳಿದ. ಮನಸ್ಸಿಲ್ಲ ಎಂದಳು. ಅವನು ಅದನ್ನು ನಂಬಿದ್ದಕ್ಕೇ ಅವಳಿಗೆ ಹೆಚ್ಚು ನೋವಾಯಿತು.

*

ಅನ್ನಪೂರ್ಣ ಪೆಟ್ಟಿಗೆಯ ಕಾಲಬುಡದಲ್ಲಿ ನಿಂತು ಕೈಮುಗಿದು, ಯಾರೊಡನೆಯೂ ಮಾತಾಡದೆ ಮನೆಯ ಹಿಂಬದಿಯ ನೆರಳಿಗೆ ಹೋದರು. ಉಪಾಧ್ಯರು ಅಲ್ಲೇ ಇದ್ದರು. ಅವರ ಹಿಂದೆಯೇ ಒಂದು ಕಿಟಕಿ. ಅದು ಸೋಫಿಯಾ ಮಲಗಿದ್ದ ಕೋಣೆಯದೆಂದು ಅವರಿಬ್ಬರಿಗೂ ತಿಳಿದಿರಲಿಲ್ಲ.

"ಕಾರ್ಕಳದಿಂದ ಬಂದಿರಾ?"

"ಹೌದ್ರಿ ಸರ್. ಪೇಪರಿನಲ್ಲಿ ಫೋಟೋ ನೋಡಿದೆ." ಸ್ವಲ್ಪ ತಡೆದು ಕೇಳಿದರು, "ಕಾರಣ ಏನಂತ ಬರೆದಾರ?"

"ಕಟಪಾಡಿಯ ಡಾಕ್ಟ್ರು ನೋಡಿದ್ದಂತೆ. ಸ್ಟ್ರೋಕ್ ಇರಬಹುದು ಅಂದಿದ್ದಾರೆ."

"ರಕ್ತ ದಪ್ಪ ಇದ್ದವರಿಗೆ ಬರೋದು ಅದೇ ಅಲ್ಲೇನ್ರಿ ಸರ್?"

ಉಪಾಧ್ಯರು ಕನ್ನಡಕ ತೆಗೆದು ಒರೆಸಿದರು. "ಅನ್ನಪೂರ್ಣ, ಇವತ್ತು ಬೇಡ. ಆ ಚರ್ಚೆ ಪತ್ರಿಕೆಯಲ್ಲಿಯೇ ಮುಗಿದಿದೆ."

ಮುಗಿದಿರಲಿಲ್ಲ ಎಂಬುದು ಇಬ್ಬರಿಗೂ ಗೊತ್ತಿತ್ತು. ಆನ್ಸಿಲ್ಲಾರ ಕಾಯಿಲೆಯ ಬಗ್ಗೆ ಉಪಾಧ್ಯರು ಬರೆದ ವರದಿ ವೈದ್ಯಪತ್ರಿಕೆಯಲ್ಲಿ ಅಚ್ಚಾದಾಗ ಅನ್ನಪೂರ್ಣ ಕಾರ್ಕಳದಲ್ಲಿ ಸ್ವಂತ ಕ್ಲಿನಿಕ್ ತೆರೆದಿದ್ದರು. ಮಣಿಪಾಲದ ಲೈಬ್ರರಿಯಲ್ಲಿ ಅದನ್ನು ಓದಿ ಅವರು ಸಂಪಾದಕರಿಗೆ ಪತ್ರ ಬರೆದರು. ಗುರುಗಳ ರೋಗನಿರ್ಣಯವನ್ನೇ ಪ್ರಶ್ನಿಸಿದ ಪತ್ರ. ಅದು ಅಚ್ಚಾಯಿತು, ಕೆಳಗೆ ಗುರುಗಳ ಉತ್ತರವೂ ಅಚ್ಚಾಯಿತು. ಆಮೇಲೆ ಉಡುಪಿಯ ಡಾಕ್ಟರರ ಸಭೆಗಳಲ್ಲಿ ಅನ್ನಪೂರ್ಣರ ಪಕ್ಕದ ಕುರ್ಚಿ ಖಾಲಿಯಿರುತ್ತಿತ್ತು.

"ಹಿಮೋಗ್ಲೋಬಿನ್ ಹತ್ತೊಂಬತ್ತು ಇತ್ತು ಸರ್. ನಾನೇ ಕಳಿಸಿದ ರಕ್ತ. ನಿಮ್ಮ ವರದಿಯೊಳಗೂ ಅಂಕಿ ಅಚ್ಚಾಗೇದ. ಅದರ ಬಗ್ಗೆ ಒಂದು ಸಾಲು ಇಲ್ಲ."

"ಅವರು ಊಟ ನೀರು ಬಿಟ್ಟು ಬಂದಿದ್ದರು. ಮೈಯಲ್ಲಿ ನೀರಿಲ್ಲದಿದ್ದರೆ ರಕ್ತ ಗಟ್ಟಿ ಕಾಣ್ತದೆ. ಡ್ರಿಪ್ ಹಾಕಿದ ಮೇಲೆ ಇಳಿಯಿತು ಅಂತ ಉತ್ತರದಲ್ಲಿ ಬರೆದಿದ್ದೇನೆ."

"ಹದಿನೇಳೂವರೆಗೆ ಇಳೀತು. ಹೆಂಗಸಿಗೆ ಅದೂ ಹೆಚ್ಚೇ. ರಕ್ತ ಅಷ್ಟು ದಪ್ಪ ಆದರೆ ಮುಖ ಕೆಂಪಾಗ್ತದ, ಮೈ ತುರಿಸ್ತದ, ಕೈಕಾಲೂ ಕುಣಿಯೋದುಂಟು. ಆಗಾಗ ರಕ್ತ ತೆಗೆದರೆ ಇಳಿಯೋ ಕಾಯಿಲೆ ಅದು. ಮಕ್ಕಳಿಗೆ ಹೋಗೋದಲ್ಲ."

"ನೀವು ಹೇಳಿದಿರಿ ಅಂತ ಎರಡು ಸಲ ತೆಗೆದೆವಲ್ಲ?"

"ತೆಗೆದ ಮೇಲೆ ಕುಣಿತ ಕಡಿಮೆ ಆಗಿತ್ತು ಸರ್."

"ಅದೇ ವಾರ ನಾನು ಮಾತ್ರೆಯನ್ನೂ ಬದಲಾಯಿಸಿದ್ದೆ. ಯಾವುದರಿಂದ ಕಡಿಮೆಯಾಯಿತು ಅಂತ ನೀವೂ ಹೇಳಲಿಕ್ಕಾಗುವುದಿಲ್ಲ, ನಾನೂ ಹೇಳಲಿಕ್ಕಾಗುವುದಿಲ್ಲ. ಮತ್ತೆ ತಂದೆ? ತಂದೆಗೂ ಇತ್ತು. ತಂದೆ, ಮಗಳು, ನಡುವಯಸ್ಸು, ಅದೇ ಕುಣಿತ. ಇಷ್ಟಿದ್ದ ಮೇಲೆ ಒಂದು ಅಂಕಿಯ ಹಿಂದೆ ಹೋಗುವುದು ಹೇಗೆ?"

ಅನ್ನಪೂರ್ಣ ಬ್ಯಾಗಿನ ಮೇಲೆ ಕೈಯಿಟ್ಟರು. "ಜೀನ್ ಪರೀಕ್ಷೆ ಮಾಡಿಸಿದ್ದರೆ ನಮ್ಮಿಬ್ಬರ ಮಾತಿಗೂ ಕೆಲಸ ಇರಲಿಲ್ಲ. ಇವತ್ತು ಮಣ್ಣು ಮಾಡಿದರೆ ಮುಗೀತು. ರಕ್ತ ಈಗಲೂ ತೆಗೀಬಹುದು. ಬೆಂಗಳೂರಿಗೆ ಕಳಿಸಬಹುದು."

"ಸಾವಿನ ಮನೆಗೆ ಸಿರಿಂಜ್ ತಂದಿದ್ದೀರಾ?"

"ತಂದೇನ್ರಿ."

ಉಪಾಧ್ಯರ ಧ್ವನಿ ಏರಿತು. "ಗೆಲ್ಲಲಿಕ್ಕಾ?"

"ಗೆದ್ದು ಏನ್ ಮಾಡ್ಲಿ ಸರ್? ಆ ಹುಡುಗಿ ಝೀಟಾ ಕೈ ಮುಚ್ಚಿಕೊಂಡು ಓಡಾಡ್ತಾಳ. ಬಂದಾಗಿಂದ ನೋಡಾಕತ್ತೀನಿ. ತಮ್ಮ ರಕ್ತ ಪರೀಕ್ಷೆ ಮಾಡಿಸೋ ಧೈರ್ಯ ಆ ಮಕ್ಕಳಿಗೆ ಬರೋದಿಲ್ಲ. ತಾಯಿಗೇ ಇರಲಿಲ್ಲ ಅಂತ ಗೊತ್ತಾದರೆ ಇಬ್ಬರೂ ಬಿಡುಗಡೆ."

"ಇತ್ತು ಅಂತ ಗೊತ್ತಾದರೆ? ಈಗ ಸಂಶಯವಾದರೂ ಉಂಟು, ಅದರ ನೆರಳಿನಲ್ಲಿ ಬದುಕುತ್ತಿದ್ದಾರೆ. ಅದನ್ನೂ ಕಿತ್ತುಕೊಂಡರೆ? ನನ್ನ ಲೇಖನ, ನಿಮ್ಮ ಪತ್ರ, ಎರಡೂ ಹಾಳಾಗಿ ಹೋಗಲಿ. ಮಕ್ಕಳಿಗೆ ಅರ್ಧಕ್ಕರ್ಧ ಬರುವ ಕಾಯಿಲೆ ಅದು. ಹುಟ್ಟಲಿರುವ ಆ ಮಗುವಿನ ಗತಿ ಎಂತ?"

ಅನ್ನಪೂರ್ಣ ಬ್ಯಾಗಿನ ಮೇಲಿಟ್ಟ ಕೈ ತೆಗೆದರು.

ಹಿಂದೆ ಕಿಟಕಿಯ ಬಾಗಿಲು ಕಿರುಗುಟ್ಟಿತು. ಸರಳುಗಳನ್ನು ಹಿಡಿದುಕೊಂಡು ಸೋಫಿಯಾ ನಿಂತಿದ್ದಳು.

"ಯಾವ ಮಗು ಡಾಕ್ಟ್ರೇ?" ಎಂದು ಕೇಳಿದಳು.

*

ಪರೀಕ್ಷೆಗೆಂದು ಅನ್ನಪೂರ್ಣ ಮನೆಗೆ ಬಂದದ್ದು ೨೦೦೨ರಲ್ಲಿ. ಅಡುಗೆಮನೆಯ ಮೇಜಿನ ಮೇಲೆ ಹತ್ತಿ, ಸ್ಪಿರಿಟ್ಟು, ಚಿಕ್ಕ ಬಾಟಲಿ ಇಟ್ಟುಕೊಂಡು ಎಲ್ಲವನ್ನೂ ಬಿಡಿಸಿ ಹೇಳಿದರು. ಅಪ್ಪ ಮನೆಯಲ್ಲಿರಲಿಲ್ಲ. ಅಮ್ಮ ತೋಳು ಚಾಚಿದರು. ಅದು ಮೇಜಿನ ಮೇಲೆ ನಿಲ್ಲಲಿಲ್ಲ, ನೀರಿನಿಂದ ತೆಗೆದ ಮೀನಿನಂತೆ ಹೊರಳಾಡಿತು.

"ಸ್ವಲ್ಪ ಗಟ್ಟಿ ಹಿಡೀರಿ," ಎಂದರು ಅನ್ನಪೂರ್ಣ.

ಝೀಟಾ ಮೊಣಕೈಯ ಕೆಳಗೆ ಎರಡೂ ಕೈಗಳಿಂದ ಹಿಡಿದಳು. ಸೂಜಿ ಹತ್ತಿರ ಬಂತು. ಬೆಂಗಳೂರಿನಿಂದ ಬರಬಹುದಾದ ಉತ್ತರ ಅವಳ ಕಣ್ಣಮುಂದೆ ಬಂತು. ಹೌದು ಎಂದು ಬಂದರೆ ನಾಳೆಯಿಂದ ತಾನು ಶಾಲೆಗೆ ಹೋಗುವುದು ಹೇಗೆ, ಡ್ಯಾರಿಲ್‌ನ ಮುಖ ನೋಡುವುದು ಹೇಗೆ?

ಅವಳು ಕೈ ಬಿಟ್ಟಳು. "ಬೇಡ ಡಾಕ್ಟ್ರೇ. ನೀವು ಹೋಗಿ."

"ನಿಮ್ಮ ತಾಯಿ ಒಪ್ಪ್ಯಾರಲ್ರಿ."

"ನಾನು ಒಪ್ಪಲಿಲ್ಲ. ದಯಮಾಡಿ ಹೋಗಿ."

ಅನ್ನಪೂರ್ಣ ಸಾಮಾನು ಕಟ್ಟಿಕೊಂಡು ಹೋದರು. ಅಮ್ಮ ರವಿಕೆಯ ತೋಳನ್ನು ಕೆಳಗೆಳೆದುಕೊಳ್ಳಲು ಬಹಳ ಹೊತ್ತು ಒದ್ದಾಡಿದರು. ಝೀಟಾ ನೆರವಿಗೆ ಹೋದಾಗ ಬೇಡವೆಂದು ತಲೆಯಾಡಿಸಿದರು.

"ಆಸ್ಪತ್ರೆಯಲ್ಲಿ ನೀನು ನನಗೆ ಹೇಳದೆ ಬಿಟ್ಟದ್ದು ಎಂತದೆಂದು ನನಗೆ ಗೊತ್ತುಂಟು ಮಗಾ," ಎಂದರು, ಹೊರಳುವ ನಾಲಗೆಯಿಂದ ಒಂದೊಂದೇ ಮಾತನ್ನು ಹಿಡಿದು ತಂದು. "ಬೆಳಿಗ್ಗೆ ನೀನು ಕೈ ಚಾಚಿ ನೋಡುವುದನ್ನು ನಾನು ನೋಡಿದ್ದೇನೆ. ನನಗಾಗಿ ಅಲ್ಲ ನಾನು ತೋಳು ಕೊಟ್ಟದ್ದು."

ಆ ಮಾತನ್ನು ಅವರು ಮತ್ತೆ ಎತ್ತಲಿಲ್ಲ. ಅಪ್ಪ ಅಮ್ಮನ ರಕ್ತ ತೆಗೆಸುವುದನ್ನು ಆಸ್ಪತ್ರೆಯಲ್ಲಿ ಎರಡನೆಯ ಸಲದ ನಂತರವೇ ನಿಲ್ಲಿಸಿದ್ದರು. ಮಾತ್ರೆ ಸಾಕು ಎಂದಿದ್ದರು. ಮಾತ್ರೆ ತಿಂದ ಅಮ್ಮ ದಿನದ ಮುಕ್ಕಾಲು ಹೊತ್ತು ಮಂಪರಿನಲ್ಲಿರುತ್ತಿದ್ದರು.

*

ಒಳಕೋಣೆಯ ಬಾಗಿಲು ಹಾಕಿಕೊಂಡು ಎಲ್ಲರೂ ನಿಂತಿದ್ದರು. ಹೊರಗೆ ಚಾವಡಿಯಲ್ಲಿ ಹೆಂಗಸರು ಜಪಸರ ಹೇಳುವುದು ಕೇಳುತ್ತಿತ್ತು. ಸೋಫಿಯಾ ಮಂಚದ ಅಂಚಿನಲ್ಲಿ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಕುಳಿತಿದ್ದಳು. ಅಳುತ್ತಿರಲಿಲ್ಲ. ಅದೇ ಡ್ಯಾರಿಲ್‌ಗೆ ಹೆಚ್ಚು ಹೆದರಿಕೆ ಹುಟ್ಟಿಸಿತು.

"ನಿಮಗೆಲ್ಲ ಗೊತ್ತಿತ್ತು," ಎಂದಳು.

"ಸೋಫಿ, ಅದು ಖಂಡಿತ ಅಂತ ಯಾರೂ—"

"ಖಂಡಿತ ಅಲ್ಲದಿದ್ದರೆ ಯಾಕೆ ಮುಚ್ಚಿಟ್ಟಿರಿ? ನಾನು ಓಡಿಹೋಗುತ್ತೇನೆ ಅಂತಲಾ? ಕೇಳಿದ್ದರೆ ಬಹುಶಃ ಮದುವೆಯಾಗುತ್ತಿದ್ದೆ. ಕೇಳಲೇ ಇಲ್ಲ ನೀವು." ಅವಳು ಅನ್ನಪೂರ್ಣರ ಕಡೆ ತಿರುಗಿದಳು. "ರಕ್ತ ತೆಗೆಯಿರಿ ಡಾಕ್ಟ್ರೇ. ನನಗೆ ಗೊತ್ತಾಗಬೇಕು."

"ನನಗೆ ಬೇಡ," ಎಂದ ಡ್ಯಾರಿಲ್. ಗೋಡೆಗೆ ಆತು ನಿಂತಿದ್ದ. "ನನಗೆ ಗೊತ್ತಾಗುವುದು ಬೇಡ. ನನ್ನ ಕೈಕಾಲು ಅದು. ಮಗು ಹುಟ್ಟುವ ಮೊದಲೇ ನಾನು ದಿನ ಎಣಿಸುತ್ತ ಕೂರಬೇಕಾ?"

"ಅಕ್ಕ ಈಗಲೂ ಎಣಿಸುತ್ತಲೇ ಇದ್ದಾರಲ್ಲ. ನನಗೆ ಈಗ ಅರ್ಥ ಆಯಿತು ಅವರು ಯಾಕೆ ಹಾಗೆ ಅಂತ."

ಆಲ್ಫೋನ್ಸ್ ಒಮ್ಮೆ ಒಬ್ಬ ಡಾಕ್ಟರನ್ನು, ಒಮ್ಮೆ ಇನ್ನೊಬ್ಬರನ್ನು ನೋಡಿದರು.

"ಬದುಕಿರುವಾಗ ಅವಳನ್ನು ಎಲ್ಲರೂ ನೋಡಿದ್ದು ಸಾಲದಾ?" ಎಂದರು. "ಆಸ್ಪತ್ರೆಯಲ್ಲಿ ಸುತ್ತ ನಿಂತು ನೋಡಿದರು, ಇಗರ್ಜಿಯಲ್ಲಿ ನೋಡಿದರು. ಈಗಷ್ಟೇ ಸುಮ್ಮನೆ ಮಲಗಿದ್ದಾಳೆ. ಅವಳಿಗೆ ಇನ್ನು ಸೂಜಿ ಚುಚ್ಚುವುದು ಬೇಡ."

"ಬೇಡ ಅಂದರೆ ಬ್ಯಾಡ್ರಿ," ಎಂದರು ಅನ್ನಪೂರ್ಣ. "ಒಂದೇ ಒಂದು ಕೇಳ್ತೀನಿ. ಅವರ ತಂದೆ ಕೈಕಾಲು ಕುಣಿಸ್ತಿದ್ದರು ಅಂದಿದ್ರಲ್ಲ, ಕುಡಿಯದೆ ಇದ್ದಾಗ ನೋಡಿದ್ರೇನು? ಬೆಳಗಿನ ಹೊತ್ತು?"

ಆಲ್ಫೋನ್ಸ್ ಗೊಂದಲದಿಂದ ನೋಡಿದರು. "ನಾನು ಎಲ್ಲಿ ನೋಡುವುದು? ನಾನು ಮದುವೆಯಾಗುವಾಗ ಅವರು ತೀರಿಹೋಗಿದ್ದರು."

ಹೊರಗಿನ ಜಪಸರದ ದನಿ ಒಮ್ಮೆಲೇ ಜೋರಾದಂತೆ ಕೇಳಿಸಿತು.

"ನೋಡಿಲ್ಲವಾ?" ಎಂದರು ಉಪಾಧ್ಯರು. "ಅವರೂ ಹೀಗೆಯೇ ಇದ್ದರು ಅಂತ ನೀವೇ ನನಗೆ ಹೇಳಿದ್ದು, ಆಲ್ಫೋನ್ಸ್."

"ಹೇಗಿದ್ದರು ಅಂತ ನೀವು ಕೇಳಿದಿರಿ ಡಾಕ್ಟ್ರೇ. ಅವಳ ತವರು ಸಂತೆಕಟ್ಟೆಯ ಜನ ಹೇಳುವುದನ್ನು ನಾನು ಹೇಳಿದೆ. ಕುಡಿದು ಕುಣಿಯುತ್ತ ಬರುತ್ತಿದ್ದರು ಅಂತ. ನೋಡಿದ್ದೀಯಾ ಅಂತ ನೀವು ಕೇಳಲಿಲ್ಲ." ಅವರು ಒಂದು ಹೆಜ್ಜೆ ಮುಂದೆ ಬಂದರು. "ಯಾಕೆ? ಅದರಿಂದ ಎಂತಾದರೂ ಆಯಿತಾ?"

ಉಪಾಧ್ಯರು ಕುರ್ಚಿಯ ಬೆನ್ನು ಹಿಡಿದುಕೊಂಡು ಮೆಲ್ಲಗೆ ಕುಳಿತರು. ಕಿಟಕಿಯಾಚೆಯ ಮಲ್ಲಿಗೆ ಗಿಡಗಳ ಸಾಲಿನ ಕಡೆ ನೋಡಿದರು.

"ಡಾಕ್ಟ್ರೇ," ಆಲ್ಫೋನ್ಸ್ ಅವರ ಮುಂದೆ ಬಾಗಿದರು. ಇಷ್ಟು ವರ್ಷಗಳಲ್ಲಿ ಅವರು ಡಾಕ್ಟರರನ್ನು ಅವರ ಸ್ವಂತದ ಬಗ್ಗೆ ಕೇಳಿದ ಮೊದಲ ಪ್ರಶ್ನೆ ಅದು. "ನಿಮ್ಮ ಹೆಂಡತಿಯೇ ಆಗಿದ್ದರೆ ನೀವು ಎಂತ ಮಾಡ್ತಿದ್ದಿರಿ?"

ಉಪಾಧ್ಯರು ಗಡಿಯಾರ ಬಿಚ್ಚಿ ಜೇಬಿಗೆ ಹಾಕಿಕೊಂಡರು. ಅಂಗಿಯ ತೋಳುಗಳನ್ನು ಮಡಚತೊಡಗಿದರು.

"ಕೈ ತೊಳೆಯಲಿಕ್ಕೆ ಸೋಪು ಎಲ್ಲಿ ಉಂಟು?" ಎಂದು ಕೇಳಿದರು.

ಆಲ್ಫೋನ್ಸ್ ಮಗಳ ಕಡೆ ನೋಡಿದರು. ಝೀಟಾ ಡ್ಯಾರಿಲ್‌ನ ಬಳಿ ಹೋದಳು. ಅವನು ಮಗುವಿನಂತೆ ತಲೆ ಅಲ್ಲಾಡಿಸುತ್ತಿದ್ದ.

"ನಿನಗೆ ಬೇಡದಿದ್ದರೆ ಉತ್ತರ ನಿನಗೆ ಹೇಳುವುದಿಲ್ಲ," ಎಂದಳು ಅವಳು. "ನನಗೆ ಬೇಕು ಡ್ಯಾರಿಲ್. ಹೌದಾದರೂ ಸರಿ. ನನಗೆ ಸಾಕಾಗಿದೆ."

ಅವನು ಅವಳ ಹೆಗಲಿಗೆ ಹಣೆ ಒತ್ತಿದ. ಬೇಡವೆನ್ನಲಿಲ್ಲ.

ಸಂಬಂಧಿಕರನ್ನು ಅಂಗಳಕ್ಕೆ ಕಳಿಸಲು ಕುಶಲಾಳೇ ಉಪಾಯ ಹುಡುಕಿದಳು. "ಬಾಯಮ್ಮನಿಗೆ ಸೀರೆ ಸರಿಮಾಡಲಿಕ್ಕುಂಟು, ಎಲ್ಲರೂ ಒಮ್ಮೆ ಹೊರಗೆ," ಎಂದು ಗದರಿದಳು. ಇಬ್ಬರು ಡಾಕ್ಟರರು ಒಳಹೋದರು. ಝೀಟಾ ಹೊರಗಿನಿಂದ ಬಾಗಿಲಿಗೆ ಬೆನ್ನು ಕೊಟ್ಟು ನಿಂತಳು. ಒಳಗೆ ಉಪಾಧ್ಯರ ದನಿ ಕೇಳಿಸಿತು: "ತೊಡೆಯ ಸಂದಿಯಲ್ಲಿ ಸಿಗಬಹುದು. ನೀವು ಬಟ್ಟೆ ಹಿಡಿಯಿರಿ." ಆಮೇಲೆ ಅನ್ನಪೂರ್ಣರ ದನಿ: "ಬರ್ತಾ ಇಲ್ರಿ ಸರ್." ಝೀಟಾ ಕಣ್ಣು ಮುಚ್ಚಿದಳು. ಅಂಗಳದಲ್ಲಿ ಶವದ ವ್ಯಾನು ತಿರುಗಿಸುತ್ತಿದ್ದರು. ಫಾದರ್ ಬಂದರೆಂದು ಯಾರೋ ಹೇಳಿದರು. ಡ್ಯಾರಿಲ್ ಗೇಟಿನ ಬಳಿ ಹೋಗಿ ಫಾದರರನ್ನು ಮಾತಿನಲ್ಲಿ ಹಿಡಿದು ನಿಲ್ಲಿಸಿದ. ಏನು ಮಾತಾಡಿದನೆಂದು ಅವನಿಗೇ ಆಮೇಲೆ ನೆನಪಿರಲಿಲ್ಲ.

"ಇನ್ನೊಂದು ಬದಿ ನೋಡುವ," ಎಂದರು ಒಳಗೆ ಉಪಾಧ್ಯರು. ಬಟ್ಟೆ ಸರಿದ ಸದ್ದು. "ಹಾಂ. ಮೆಲ್ಲಗೆ. ಸಾಕು."

ಬಾಗಿಲು ತೆರೆದಾಗ ಅನ್ನಪೂರ್ಣರ ಮುಖ ಬೆವತಿತ್ತು. ಉಪಾಧ್ಯರು ಆನ್ಸಿಲ್ಲಾರ ಸೀರೆಯ ನೆರಿಗೆಯನ್ನು ಪಾದದವರೆಗೆ ಎಳೆದು ಸರಿಮಾಡುತ್ತಿದ್ದರು.

"ರಕ್ತ ದಪ್ಪ ಇತ್ತಾ?" ಎಂದು ಝೀಟಾ ಕೇಳಿದಳು.

"ತೀರಿಹೋದವರ ರಕ್ತ ಎಲ್ಲರದೂ ದಪ್ಪ ಇರ್ತದಮ್ಮ," ಎಂದರು ಅನ್ನಪೂರ್ಣ. "ಅದನ್ನ ನೋಡಿ ನಾನು ಏನೂ ಹೇಳೋ ಹಾಗಿಲ್ಲ. ಕಾಯಬೇಕು."

ಇಗರ್ಜಿಯಲ್ಲಿ ಉಪಾಧ್ಯರು ಕೊನೆಯ ಬೆಂಚಿನಲ್ಲಿ ಕುಳಿತರು. ಪೂಜೆ ಮುಗಿಯುವವರೆಗೂ ಏಳಲಿಲ್ಲ. ಮಣ್ಣು ಹಾಕುವ ಹೊತ್ತಿಗೆ ಅನ್ನಪೂರ್ಣ ಅಲ್ಲಿರಲಿಲ್ಲ. ಬಾಟಲಿಯನ್ನು ತಂಪಿನಲ್ಲಿಟ್ಟು ಕಳಿಸುವ ವ್ಯವಸ್ಥೆಗೆ ಮಣಿಪಾಲಕ್ಕೆ ಹೊರಟುಹೋಗಿದ್ದರು.

*

ಉತ್ತರ ಬರಲು ಮಾರ್ಚ್ ಮುಗಿಯಬೇಕಾಯಿತು. ಅಲ್ಲಿಯವರೆಗೆ ಆ ಮನೆಯಲ್ಲಿ ಫೋನು ರಿಂಗಾದರೆ ಎಲ್ಲರೂ ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು. ಸೋಫಿಯಾ ತವರಿಗೆ ಹೋಗಲಿಲ್ಲ. ಹೆರಿಗೆಗೆ ಅಲ್ಲಿಗೇ ಹೋಗುವುದು ರೂಢಿ ಎಂದು ಅವಳ ತಾಯಿ ಬಂದು ಕರೆದರು. ಆಮೇಲೆ ನೋಡುವ ಎಂದು ಕಳಿಸಿಬಿಟ್ಟಳು. ಡ್ಯಾರಿಲ್‌ನೊಡನೆ ಅಗತ್ಯಕ್ಕಿಂತ ಹೆಚ್ಚು ಮಾತಾಡುತ್ತಿರಲಿಲ್ಲ. ಆದರೆ ರಾತ್ರಿ ಅವನು ನಿದ್ದೆ ಬಾರದೆ ಹೊರಳುವಾಗ ಅವನ ಕೈಯನ್ನು ತೆಗೆದು ಹೊಟ್ಟೆಯ ಮೇಲೆ ಇಟ್ಟುಕೊಳ್ಳುತ್ತಿದ್ದಳು.

ಅನ್ನಪೂರ್ಣ ಫೋನು ಮಾಡಲಿಲ್ಲ, ಶನಿವಾರ ಮಧ್ಯಾಹ್ನ ತಾವೇ ಬಂದರು. ಗೇಟು ದಾಟುವ ಮೊದಲೇ ಝೀಟಾಳನ್ನು ಕಂಡು ಜೋರಾಗಿ ಹೇಳಿಬಿಟ್ಟರು.

"ಇಲ್ರಿ. ಅದು ಇರಲಿಲ್ಲ ನಿಮ್ಮ ತಾಯಿಗೆ."

ಝೀಟಾ ಅಂಗಳದಲ್ಲೇ ಕುಳಿತುಬಿಟ್ಟಳು. ಮನೆಯೊಳಗಿನಿಂದ ಡ್ಯಾರಿಲ್ ಓಡಿಬಂದ, ತನಗೆ ಹೇಳಬೇಡಿ ಎಂದಿದ್ದನ್ನು ಮರೆತು, "ಎಂತ ಹೇಳಿದರು, ಎಂತ ಹೇಳಿದರು?" ಎಂದು ಕೇಳಿದ.

"ಹಾಗಾದರೆ ಎಂತ ಇದ್ದದ್ದು ಅವಳಿಗೆ?" ಎಂದರು ಆಲ್ಫೋನ್ಸ್.

"ರಕ್ತದ್ದೇ ಅಂತ ನನಗೆ ಅನಿಸ್ತದೆ. ಆದರೆ ಇದರಿಂದ ಅದು ಸಾಬೀತಾಗೋದಿಲ್ಲ. ನೀವು ಹೆದರಿದ್ದು ಯಾವುದಕ್ಕೋ ಅದಲ್ಲ ಅಂತ ಮಾತ್ರ ಆಯ್ತು."

"ರಕ್ತದ್ದೇ ಆಗಿದ್ದರೆ, ಎರಡು ಸಲ ತೆಗೆದ ಮೇಲೆ ನಾನು ನಿಲ್ಲಿಸದೆ ಇದ್ದಿದ್ದರೆ..." ಆಲ್ಫೋನ್ಸ್ ವಾಕ್ಯ ಮುಗಿಸಲಿಲ್ಲ. ಅನ್ನಪೂರ್ಣ ಅವರ ಪಕ್ಕದಲ್ಲಿ ಜಗಲಿಯ ಮೇಲೆ ಕುಳಿತು, ಕುಶಲಾ ತಂದ ಚಹಾ ತಣ್ಣಗಾಗುವವರೆಗೂ ಅಲ್ಲೇ ಇದ್ದರು.

ಸೋಫಿಯಾಳಿಗೆ ಹೆಣ್ಣುಮಗು ಹುಟ್ಟಿತು. ಉಪಾಧ್ಯರು ಪತ್ರಿಕೆಗೆ ತಿದ್ದುಪಡಿ ಬರೆದರು. ಅದರ ಕೆಳಗೆ ತಮ್ಮ ಹೆಸರಿನ ಜೊತೆಗೆ ಅನ್ನಪೂರ್ಣರ ಹೆಸರನ್ನೂ ಹಾಕಲು ಅವರ ಒಪ್ಪಿಗೆ ಕೇಳಿ ಕಾರ್ಕಳದ ಕ್ಲಿನಿಕ್ಕಿಗೆ ತಾವೇ ಹೋಗಿದ್ದರಂತೆ.

ಬೇಸಿಗೆ ರಜೆಯಲ್ಲಿ ಝೀಟಾ ಅನ್ನಪೂರ್ಣರನ್ನು ಒಂದು ಮಾತು ಕೇಳಿದಳು. ಅಮ್ಮನ ಬಗ್ಗೆ ಬರೆದದ್ದನ್ನು ಅವಳು ಈವರೆಗೂ ಕಂಡಿರಲಿಲ್ಲ, ಒಮ್ಮೆ ನೋಡಬೇಕು. ಇಬ್ಬರೂ ಮಣಿಪಾಲದ ಲೈಬ್ರರಿಗೆ ಹೋದರು. ಅನ್ನಪೂರ್ಣ ಹಳೆಯ ಸಂಪುಟವನ್ನು ಕಪಾಟಿನಿಂದ ತೆಗೆದು, ಪುಟ ಬಿಡಿಸಿ ಅವಳ ಮುಂದಿಟ್ಟು, ತಾವು ಬೇರೆ ಮೇಜಿಗೆ ಹೋಗಿ ಕುಳಿತರು.

ಎರಡೇ ಪುಟ. ನಲವತ್ತೆಂಟು ವರ್ಷದ, ಕರಾವಳಿಯ ಗೃಹಿಣಿ ಎಂದಿತ್ತು. ಹೆಸರು ಎಲ್ಲೂ ಇರಲಿಲ್ಲ. ಮಧ್ಯದಲ್ಲಿ ಒಂದು ಫೋಟೋ. ಆಸ್ಪತ್ರೆಯ ಸ್ಟೂಲಿನ ಮೇಲೆ ಅಮ್ಮ ಕುಳಿತಿದ್ದರು. ಗುರುತು ಸಿಗಬಾರದೆಂದು ಕಣ್ಣುಗಳ ಮೇಲೆ ಕಪ್ಪು ಪಟ್ಟಿ ಎಳೆದಿದ್ದರು. ಮಡಿಲಿನಲ್ಲಿ ಕೈಗಳಿರಬೇಕಾದ ಜಾಗದಲ್ಲಿ ಬರೀ ಬಿಳಿಯ ಮಸುಕು.

ಝೀಟಾ ಪುಸ್ತಕವನ್ನು ಹತ್ತಿರಕ್ಕೆಳೆದುಕೊಂಡಳು. ಚಿತ್ರದ ಎಡ ಅಂಚಿನಲ್ಲಿ, ಚೌಕಟ್ಟಿನ ಹೊರಗಿನಿಂದ ಚಾಚಿದ ಇನ್ನೊಂದು ಕೈ ಇತ್ತು. ಮಣಿಕಟ್ಟಿನವರೆಗೆ ಮಾತ್ರ ಅಚ್ಚಾಗಿದ್ದ ಎಳೆಯ ಕೈ. ಅದರಲ್ಲಿ, ಆ ವರ್ಷ ಝೀಟಾ ತೊಡುತ್ತಿದ್ದ ತೆಳ್ಳಗಿನ ಕಪ್ಪು ಗಾಜಿನ ಬಳೆ. ಅದು ಅಮ್ಮನ ಹೆಗಲನ್ನು, ಅಲುಗದಂತೆ, ಬಲವಾಗಿ ಒತ್ತಿ ಹಿಡಿದಿತ್ತು.